ಎರಡು ಜೆಟ್ಟಿಗಳ ನಡುವೆ ಕಳೆದ ಮಧ್ಯಾಹ್ನ

ಕಳೆದ ಜನವರಿಯಲ್ಲಿ ಅಮ್ಮ, ಹೆಂಡತಿ ಮತ್ತು ಒಂಬತ್ತು ವರ್ಷದ ಮಗಳೊಂದಿಗೆ ನಾನು ಅಂಡಮಾನಿನ ಹ್ಯಾವ್ಲಾಕಿಗೆ ಹೊರಟೆ. ಆ ದ್ವೀಪಕ್ಕೆ 2018ರ ಡಿಸೆಂಬರ್‌ನಲ್ಲಿ ಸ್ವರಾಜ್ ದ್ವೀಪವೆಂದೂ, ಪೋರ್ಟ್ ಬ್ಲೇರ್‌ಗೆ 2024ರ ಸೆಪ್ಟೆಂಬರ್‌ನಲ್ಲಿ ಶ್ರೀ ವಿಜಯಪುರಂ ಎಂದೂ ಹೆಸರು ಬದಲಾಗಿದ್ದರೂ, ಅಲ್ಲಿ ನಮಗೆ ಸಿಕ್ಕ ಟ್ಯಾಕ್ಸಿಯವರ ಬಾಯಲ್ಲಿ ಹಳೆಯ ಹೆಸರುಗಳೇ ಇದ್ದವು. ಇಲ್ಲಿ ನಾನೂ ಅವನ್ನೇ ಬರೆಯುತ್ತಿದ್ದೇನೆ. ಬೆಳಗಿನ ವಿಮಾನದಲ್ಲಿ ಹೋಗಿಳಿದು, ಹನ್ನೆರಡೂವರೆಯ ಹಡಗು ಹಿಡಿದು, ಸಂಜೆ ರಾಧಾನಗರದ ಕಡಲತೀರದಲ್ಲಿ ಸೂರ್ಯಾಸ್ತ ನೋಡುವುದೆಂದು ನಾನು ಹಿಂದಿನ ರಾತ್ರಿಯೇ ಮನೆಯವರಿಗೆಲ್ಲ ಓದಿ ಹೇಳಿದ್ದೆ.

ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಕವಿದಿದ್ದ ಮಂಜು ಕರಗುವಷ್ಟರಲ್ಲಿ ಎರಡು ಗಂಟೆ ಕಳೆದಿತ್ತು. ಪೋರ್ಟ್ ಬ್ಲೇರ್‌ನಲ್ಲಿ ಸಾಮಾನು ಪಡೆದು ಟ್ಯಾಕ್ಸಿ ಹತ್ತಿದಾಗ ಹನ್ನೊಂದೂ ಮುಕ್ಕಾಲು ಆಗಿತ್ತು. ಹಡಗಿನವರು ಹೊರಡುವ ಅರ್ಧ ಗಂಟೆ ಮೊದಲೇ ಬಾಗಿಲು ಮುಚ್ಚುತ್ತಾರೆಂದು ಟಿಕೆಟ್ಟಿನಲ್ಲಿ ಬರೆದಿತ್ತು. ಚಾಲಕರು ಯಾವ ಜೆಟ್ಟಿ ಎಂದು ಕೇಳಿದರು. ನಾನು ಚೂರೂ ಅನುಮಾನಿಸದೆ ಫೀನಿಕ್ಸ್ ಬೇ ಎಂದೆ. ಸರ್ಕಾರಿ ಹಡಗುಗಳು ಹೊರಡುವುದು ಅಲ್ಲಿಂದ. ನಾನು ಟಿಕೆಟ್ ಕೊಂಡಿದ್ದು ಹ್ಯಾಡೋದಿಂದ ಹೊರಡುವ ಖಾಸಗಿ ಹಡಗಿಗೆ. ಮೊದಲು ಸರ್ಕಾರಿ ಹಡಗಿನಲ್ಲೇ ಹೋಗುವ ಯೋಚನೆ ಮಾಡಿ, ಆಮೇಲೆ ಎಸಿಯ ಆಸೆಗೆ ಮನಸ್ಸು ಬದಲಿಸಿದ್ದೆನಾದರೂ ತಲೆಯಲ್ಲಿ ಹಳೆಯ ಜೆಟ್ಟಿಯೇ ಉಳಿದುಬಿಟ್ಟಿತ್ತು.

ಮಡಿಕೇರಿಯ ರಸ್ತೆಗಳಂತೆ ಏರಿ ಇಳಿಯುವ ಆ ಊರಿನಲ್ಲಿ ಒಂದು ಜೆಟ್ಟಿಯಿಂದ ಇನ್ನೊಂದಕ್ಕೆ ಹೋಗಲು ಹತ್ತು ನಿಮಿಷ ಸಾಕು, ಆದರೆ ಆ ಹತ್ತು ನಿಮಿಷ ನಮ್ಮ ಬಳಿ ಇರಲಿಲ್ಲ. ಹ್ಯಾಡೋ ತಲುಪಿದಾಗ ಗೇಟು ಮುಚ್ಚಿತ್ತು. ಹಡಗು ಕಣ್ಣೆದುರಿಗೇ ನಿಂತಿತ್ತು, ಕಿಟಕಿಯ ಹಿಂದೆ ಕುಳಿತಿದ್ದವರ ಮುಖಗಳೂ ಕಾಣುತ್ತಿದ್ದವು. ಸಿಬ್ಬಂದಿ ಮಾತ್ರ ಗಡಿಯಾರ ತೋರಿಸಿ ಕೈಯಾಡಿಸಿದರು. ಅವರ ನಿಯಮ ಅವರಿಗೆ, ತಪ್ಪು ನನ್ನದೇ. 2016ರ ಡಿಸೆಂಬರ್‌ನಲ್ಲಿ ಚಂಡಮಾರುತದ ಕಾರಣ ಸಾವಿರಕ್ಕೂ ಹೆಚ್ಚು ಪ್ರವಾಸಿಗರು ಹ್ಯಾವ್ಲಾಕಿನಲ್ಲಿ ಸಿಕ್ಕಿಬಿದ್ದಿದ್ದನ್ನು ನೆನಪಿಸಿಕೊಂಡ ನನ್ನ ಹೆಂಡತಿ, ಅವರು ಕಡೇಪಕ್ಷ ದ್ವೀಪವನ್ನಾದರೂ ಮುಟ್ಟಿದ್ದರು ಎಂದಳು.

ಅಷ್ಟರಲ್ಲಿ ಹಿಂದಿನ ಸೀಟಿನಿಂದ ತೆಲುಗು ಕೇಳಿಸಿತು. ಅಮ್ಮ ಮುಳಬಾಗಿಲಿನ ಕಡೆಯವಳು, ಅವಳಿಗೆ ತೆಲುಗು ಕನ್ನಡದಷ್ಟೇ ಸಲೀಸು. ಚಾಲಕರ ತಾತ ಶ್ರೀಕಾಕುಳದಿಂದ ಬಂದವರೆಂಬುದನ್ನು ಅವಳು ಮೊದಲ ಜೆಟ್ಟಿಗೆ ಹೋಗುವಾಗಲೇ ತಿಳಿದುಕೊಂಡಿದ್ದಳಂತೆ. ಈ ಪ್ರಯಾಣದಲ್ಲಿ ಅವಳನ್ನು ಸಂಭಾಳಿಸುವುದು ಹೇಗೆಂದು ಒಂದು ತಿಂಗಳು ಚಿಂತಿಸಿದ್ದ ನಾನು ಬಾಯಿ ಮುಚ್ಚಿಕೊಂಡು ಕುಳಿತೆ. ಎರಡು ಗಂಟೆಗೆ ಸರ್ಕಾರಿ ಹಡಗೊಂದಿದೆ, ಕೌಂಟರಿನಲ್ಲಿ ಉಳಿದ ಟಿಕೆಟ್ ಸಿಕ್ಕರೂ ಸಿಗಬಹುದು ಎಂದು ಆತ ಹೇಳಿದ್ದನ್ನು ಅಮ್ಮ ನಮಗೆ ಕನ್ನಡದಲ್ಲಿ ಹೇಳಿದಳು. ಟ್ಯಾಕ್ಸಿ ಮತ್ತೆ ಫೀನಿಕ್ಸ್ ಬೇ ಕಡೆಗೆ ತಿರುಗಿತು.

ಸಾಲಿನಲ್ಲಿ ಮುಕ್ಕಾಲು ಗಂಟೆ ನಿಂತು ಕಿಂಡಿಯ ಮುಂದೆ ಬಂದಾಗ ಪ್ರತಿಯೊಬ್ಬರ ಗುರುತಿನ ಚೀಟಿ ಕೇಳಿದರು. ಮಗಳ ಆಧಾರ್ ಕಾರ್ಡು ಕೆಂಪು ಸೂಟ್‌ಕೇಸಿನಲ್ಲಿತ್ತು, ಸೂಟ್‌ಕೇಸು ಟ್ಯಾಕ್ಸಿಯ ಡಿಕ್ಕಿಯಲ್ಲಿತ್ತು, ಟ್ಯಾಕ್ಸಿ ನಿಂತಿದ್ದ ಜಾಗ ಖಾಲಿಯಾಗಿತ್ತು. ನಾನು ಆತನ ಫೋನ್ ನಂಬರನ್ನೂ ಪಡೆದಿರಲಿಲ್ಲ, ಗಾಡಿಯ ನಂಬರನ್ನೂ ನೋಡಿರಲಿಲ್ಲ. ಅಮ್ಮ ಪಕ್ಕದ ಚಹಾ ಅಂಗಡಿಗೆ ಹೋಗಿ ಶ್ರೀಕಾಕುಳದವರ ಗಾಡಿ ಎಂದು ವಿಚಾರಿಸಿದ ಐದೇ ನಿಮಿಷದಲ್ಲಿ, ಊಟ ಅರ್ಧಕ್ಕೆ ಬಿಟ್ಟು ಬಂದ ಚಾಲಕರು ಎಂಜಲು ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು, ಎಡಗೈಯಲ್ಲಿ ಸೂಟ್‌ಕೇಸು ಇಳಿಸಿದರು. ಅಮ್ಮ ಬೇಜಾರು ಮಾಡಿಕೊಂಡಿದ್ದು ಆ ಅರ್ಧ ಊಟದ ಬಗ್ಗೆ ಮಾತ್ರ.

ಹೆಚ್ಚಿನ ಖಾಸಗಿ ಹಡಗುಗಳಲ್ಲಿ ಗಾಜಿನ ಕಿಟಕಿಯ ಹಿಂದೆ ಕುಳಿತೇ ಹೋಗಬೇಕು, ಸರ್ಕಾರಿ ಹಡಗಿನಲ್ಲಿ ಡೆಕ್ಕಿನ ಮೇಲೆ ನಿಲ್ಲಬಹುದು. ಬಂದರು ದಾಟುವಾಗ ನಾರ್ತ್ ಬೇ ದೀಪಸ್ತಂಭ ಕಂಡಿತು. ಹಳೆಯ ಇಪ್ಪತ್ತು ರೂಪಾಯಿ ನೋಟಿನ ಹಿಂಬದಿಯಲ್ಲಿರುವುದು ಇದೇ ಎಂದು ನಾನು ಹೇಳಿದಾಗ ಅಮ್ಮ ತನ್ನ ಚಿಕ್ಕ ಪರ್ಸಿನಿಂದ ನಾಲ್ಕು ಮಡಿಕೆಯ ಅಂಥದೊಂದು ನೋಟನ್ನು ತೆಗೆದು, ಗಾಳಿಗೆ ಹಾರದಂತೆ ಎರಡೂ ಕೈಗಳಲ್ಲಿ ಬಿಗಿಯಾಗಿ ಹಿಡಿದು ಹೋಲಿಸಿ ನೋಡಿದಳು. ಹೋಲಲಿಲ್ಲ. ನೋಟಿನಲ್ಲಿರುವುದು ಮೌಂಟ್ ಹ್ಯಾರಿಯೆಟ್ ಬೆಟ್ಟದ ಮೇಲಿನಿಂದ ಕಾಣುವ ದೃಶ್ಯ, ನಾವು ನೋಡುತ್ತಿದ್ದುದು ನೀರಿನ ಮೇಲಿನಿಂದ. ಬಯಲು ಸಮುದ್ರಕ್ಕೆ ಬಂದ ಮೇಲೆ ಹಡಗು ತೂಗಲಾರಂಭಿಸಿತು; ನಾನು ಮತ್ತು ಹೆಂಡತಿ ಸರದಿಯಂತೆ ವಾಂತಿ ಮಾಡಿಕೊಂಡೆವು. ಅಮ್ಮ ಒಣ ನೆಲ್ಲಿಕಾಯಿ ಚೀಪುತ್ತ, ನೀರಿನಿಂದ ಚಿಮ್ಮಿ ದೂರ ತೇಲಿ ಮತ್ತೆ ಮುಳುಗುತ್ತಿದ್ದ ಹಾರುವ ಮೀನುಗಳನ್ನು ಮೊಮ್ಮಗಳೊಂದಿಗೆ ಎಣಿಸುತ್ತಿದ್ದಳು. ಮೂವತ್ತೊಂದಾದವಂತೆ.

ಹ್ಯಾವ್ಲಾಕಿನಲ್ಲಿ ಇಳಿಯುವಾಗ ಐದು ಗಂಟೆ ಸಮೀಪಿಸಿತ್ತು, ಬಿಸಿಲು ಆಗಲೇ ಮಾಗಿತ್ತು. ಅಂಡಮಾನ್ ಬೆಂಗಳೂರಿಗಿಂತ ಸುಮಾರು 15 ಡಿಗ್ರಿ ಪೂರ್ವಕ್ಕಿದೆ. ಗಡಿಯಾರ ಒಂದೇ ಆದರೂ ಸೂರ್ಯ ಅಲ್ಲಿ ಸುಮಾರು ಒಂದು ಗಂಟೆ ಮುಂದಿರುತ್ತಾನೆ. ನನ್ನ ಪಟ್ಟಿಯಲ್ಲಿ ಸೂರ್ಯಾಸ್ತವನ್ನು ಆರೂ ಕಾಲಕ್ಕೆ ಬರೆದಿದ್ದೆನಾದ್ದರಿಂದ, ಹನ್ನೆರಡೂವರೆಯ ಹಡಗು ಸಿಕ್ಕಿದ್ದರೂ ಆ ಪಟ್ಟಿಯ ಹೊತ್ತಿಗೆ ಹೊರಟು ನಾವು ರಾಧಾನಗರವನ್ನು ತಲುಪುತ್ತಿದ್ದುದು ಕತ್ತಲಲ್ಲೇ. ಜೆಟ್ಟಿಯ ಹೊರಗೆ ಆಟೋದವರಿಗೆ ವಸತಿಯ ಹೆಸರು ಹೇಳಿದರೆ ನಂಬರ್ ಎಷ್ಟು ಎಂದು ಕೇಳಿದರು, ಏಕೆಂದರೆ ಅಲ್ಲಿ ಗೋವಿಂದನಗರವೆಂದರೆ ಮೂರು, ವಿಜಯನಗರವೆಂದರೆ ಐದು, ರಾಧಾನಗರವೆಂದರೆ ಏಳು. ನಮ್ಮದು ಐದು.

ಕೋಣೆಗೆ ಸಾಮಾನು ಹಾಕಿ, ಮಗಳ ಹಟಕ್ಕೆ ಮೊಬೈಲಿನ ಬೆಳಕು ಹಿಡಿದುಕೊಂಡು ತೆಂಗಿನ ಮರಗಳ ನಡುವೆ ತೀರಕ್ಕೆ ಇಳಿದೆವು. ಇಳಿತದ ಹೊತ್ತಾಗಿದ್ದರಿಂದ ನೀರು ಬಹುದೂರ ಹಿಂದೆ ಸರಿದು, ಒದ್ದೆ ಮರಳಿನ ಮೇಲೆ ಸತ್ತ ಹವಳದ ತುಂಡುಗಳು ಬಿದ್ದಿದ್ದವು, ಒಂದು ದೋಣಿ ಒಂದು ಬದಿಗೆ ವಾಲಿಕೊಂಡು ನೆಲದ ಮೇಲೆ ಕುಳಿತಿತ್ತು. ಮಗಳು ಸುತ್ತ ಬೆಳಕು ಬಿಟ್ಟು ನೋಡಿ, ಸಮುದ್ರ ಎಲ್ಲಿ ಹೋಯಿತು ಎಂದು ಕೇಳಿದಳು. ಅಮ್ಮ ಅಲ್ಲೇ ಮರದ ದಿಮ್ಮಿಯ ಮೇಲೆ ಕುಳಿತು, ಅದೂ ಜೆಟ್ಟಿ ತಪ್ಪಿಸಿಕೊಂಡಿರಬೇಕು ಎಂದಳು.