ಡ್ರಾಪ್‌ಡೌನ್‌ಗೆ ಇನ್ನೊಂದು ಹೆಸರು ಸೇರಿಸಿದರೆ ಸಾಕು ಅಂದುಕೊಂಡಿದ್ದೆ

ನಮ್ಮ ವಿಡಿಯೊ ಎನ್‌ಕೋಡಿಂಗ್ ಸಾಫ್ಟ್‌ವೇರ್‌ಗೆ ಎವಿ1 ಎಂಬ ಹೊಸ ಕೋಡೆಕ್, ಅಂದರೆ ವಿಡಿಯೊ ಕುಗ್ಗಿಸುವ ವಿಧಾನ, ಸೇರಿಸುವ ಕೆಲಸ ನನ್ನ ಪಾಲಿಗೆ ಬಂದಾಗ, ಎರಡು ವಾರ ಸಾಕು ಎಂದು ಹೇಳಿದ್ದೆ. ಎನ್‌ಕೋಡರ್ ನಾವೇ ಬರೆಯಬೇಕಿರಲಿಲ್ಲ. ಎಸ್‌ವಿಟಿ-ಎವಿ1 ಎಂಬ ಓಪನ್ ಸೋರ್ಸ್ ಲೈಬ್ರರಿ ಇದೆ. ಅದಕ್ಕೆ ಫ್ರೇಮ್ (ವಿಡಿಯೊದ ಒಂದೊಂದು ಚಿತ್ರ) ಕೊಡಬೇಕು, ಅದು ಕುಗ್ಗಿಸಿ ಕೊಟ್ಟ ಪ್ಯಾಕೆಟ್‌ಗಳನ್ನು ಎಂಪಿ4 ಫೈಲಿಗೆ ಬರೆಯಬೇಕು, ಅಷ್ಟೇ ಅಲ್ವಾ? ಮೂರನೇ ದಿನವೇ ಮೊದಲ ವಿಡಿಯೊ ಓಡಿತು. ಕೆಲಸ ಮುಗಿದದ್ದು ಮಾತ್ರ ಒಂಬತ್ತನೇ ವಾರಕ್ಕೆ.

ಅದಕ್ಕೆ ಕಾರಣ ಎವಿ1 ಅಲ್ಲ. ನಮ್ಮ ಕೋಡಿನಲ್ಲಿ ಎಲ್ಲೆಲ್ಲಿ 'ಕೋಡೆಕ್' ಎಂದು ಬರೆದಿತ್ತೋ ಅಲ್ಲೆಲ್ಲ ಅದರ ಅರ್ಥ ಹಳೆಯ ಕೋಡೆಕ್ ಎಚ್.264 ಎಂದೇ ಆಗಿತ್ತು. ಅಷ್ಟು ವರ್ಷ ಇದ್ದದ್ದು ಒಂದೇ ಕೋಡೆಕ್. ಹಾಗಾಗಿ ಅದು ಯಾರಿಗೂ ಗೊತ್ತಾಗಿರಲಿಲ್ಲ.

ಮೊದಲು ಸಿಕ್ಕಿಬಿದ್ದದ್ದು ಕ್ವಾಲಿಟಿ ಸ್ಲೈಡರ್. ಟೆಸ್ಟಿಂಗ್ ಮಾಡುವ ಸಹೋದ್ಯೋಗಿ ಬಂದು, "ಎವಿ1 ಅಂದ್ರೆ ಫೈಲ್ ಚಿಕ್ಕದಾಗುತ್ತೆ ಅಂದಿದ್ರಿ, ಇಲ್ಲಿ ಅಂಥ ವ್ಯತ್ಯಾಸವೇ ಕಾಣ್ತಿಲ್ವಲ್ಲ ಸರ್" ಎಂದರು. ಎಚ್.264ಗೆ ನಾವು ಬಳಸುವ ಎಕ್ಸ್264 ಎನ್‌ಕೋಡರ್‌ನಲ್ಲಿ ಸಿಆರ್‌ಎಫ್ ಎಂಬ ಕ್ವಾಲಿಟಿ ಅಳತೆ (ಸಂಖ್ಯೆ ಕಡಿಮೆಯಾದಷ್ಟೂ ಕ್ವಾಲಿಟಿ ಹೆಚ್ಚು) 51ರವರೆಗೆ ಇದೆ, ಡಿಫಾಲ್ಟ್ 23. ಎಸ್‌ವಿಟಿ-ಎವಿ1ನಲ್ಲಿ ಆಗ 63ರವರೆಗೆ ಇತ್ತು, ಡಿಫಾಲ್ಟ್ 35. ಕೋಡೆಕ್ ಬದಲಾಯಿಸಿದರೂ ನಮ್ಮ ಸ್ಲೈಡರ್ 23ರಲ್ಲೇ ನಿಂತಿತ್ತು. ಎವಿ1 ಲೆಕ್ಕದಲ್ಲಿ ಅದು ಬಹಳ ಒಳ್ಳೆಯ ಕ್ವಾಲಿಟಿ, ಹಾಗಾಗಿ ಬಿಟ್‌ಗಳೂ ಜಾಸ್ತಿ. ಎರಡೂ ಅಳತೆಗಳನ್ನು ಹೊಂದಿಸುವ ಒಂದು ಪಟ್ಟಿ ಮಾಡೋಣ ಎಂಬ ಸಲಹೆ ಬಂತು. ನಾನು ಒಪ್ಪಲಿಲ್ಲ. ಕಾರ್ಟೂನಿಗೆ ಹೊಂದುವ ಲೆಕ್ಕ ಕ್ರಿಕೆಟ್ ಮ್ಯಾಚಿಗೆ ಹೊಂದುವುದಿಲ್ಲ. ಕೋಡೆಕ್ ಬದಲಾದರೆ ಸ್ಲೈಡರ್ ಆ ಕೋಡೆಕ್‌ನ ಡಿಫಾಲ್ಟಿಗೇ ಹೋಗಲಿ ಎಂದು ತೀರ್ಮಾನ ಮಾಡಿದೆವು. ಸ್ಪೀಡಿನದೂ ಇದೇ ಕಥೆ. ಎಸ್‌ವಿಟಿ-ಎವಿ1ನಲ್ಲಿ ವೇಗ ಆರಿಸುವ ಪ್ರಿಸೆಟ್ ಸಂಖ್ಯೆ ಹೆಚ್ಚಿದಷ್ಟೂ ವೇಗ ಹೆಚ್ಚು. ನಮ್ಮ ಸ್ಲೈಡರ್ ಬಲಕ್ಕೆ ಸರಿದಷ್ಟೂ ನಿಧಾನ. ಅದನ್ನು ತಿರುಗಿಸಿದೆವು.

ನನ್ನ ನಿದ್ದೆ ಕೆಡಿಸಿದ್ದು ಮುಂದಿನ ತೊಂದರೆ. ಕೆಲವು ವಿಡಿಯೊಗಳಲ್ಲಿ ಕೊನೆಯ ಒಂದಿಷ್ಟು ಚಿತ್ರ ಕಾಣೆಯಾಗುತ್ತಿತ್ತು. ಆಡಿಯೊ ಪೂರ್ತಿ ಇರುತ್ತಿತ್ತು. ಅದೇ ಫೈಲನ್ನು ಮತ್ತೆ ಎನ್‌ಕೋಡ್ ಮಾಡಿದರೆ ಒಮ್ಮೆ ಹನ್ನೊಂದು ಫ್ರೇಮ್ ಹೋಗುತ್ತಿತ್ತು, ಇನ್ನೊಮ್ಮೆ ಮೂವತ್ತು, ಮತ್ತೊಮ್ಮೆ ಒಂದೂ ಇಲ್ಲ. ನನ್ನ ಮಷೀನಿನಲ್ಲಿ ನಾಲ್ಕು ದಿನ ಕೂತರೂ ಸಿಗಲಿಲ್ಲ. ಡೀಬಗ್ ಲಾಗ್ ಆನ್ ಮಾಡಿದರಂತೂ ಮಾಯ.

ನಾವು ಕೊಟ್ಟ ಫ್ರೇಮನ್ನು ಎನ್‌ಕೋಡರ್ ಕೂಡಲೇ ವಾಪಸ್ ಕೊಡುವುದಿಲ್ಲ. ಮುಂದೆ ಏನು ಬರುತ್ತದೆ ಎಂದು ನೋಡಲು ಒಂದಷ್ಟು ಫ್ರೇಮ್‌ಗಳನ್ನು ಒಳಗೇ ಇಟ್ಟುಕೊಳ್ಳುತ್ತದೆ. ಕೊನೆಯಲ್ಲಿ 'ಇನ್ನು ಫ್ರೇಮ್ ಇಲ್ಲ' ಎಂದು ಹೇಳಿ ಉಳಿದದ್ದನ್ನು ಕೇಳಿ ಪಡೆಯಬೇಕು. ನಮ್ಮ ಹಳೆಯ ಲೂಪ್ ಕೂಡ ಹಾಗೇ ಮಾಡುತ್ತಿತ್ತು. ಪ್ಯಾಕೆಟ್ ಬರದಿದ್ದರೆ ಎಲ್ಲ ಮುಗಿಯಿತು ಎಂದುಕೊಂಡು ಫೈಲ್ ಮುಚ್ಚುತ್ತಿತ್ತು. ಎಕ್ಸ್264 ಜೊತೆ ಅದರಿಂದ ಯಾವತ್ತೂ ತೊಂದರೆ ಆಗಿರಲಿಲ್ಲ. ಎಸ್‌ವಿಟಿ-ಎವಿ1ನಲ್ಲಿ ಕೆಲಸ ಬೇರೆ ಥ್ರೆಡ್‌ಗಳಲ್ಲಿ, ಅಂದರೆ ನಮ್ಮ ಲೂಪ್ ಜೊತೆಜೊತೆಗೇ, ನಡೆಯುತ್ತಿರುತ್ತದೆ. ಪ್ಯಾಕೆಟ್‌ಗಳ ಕ್ಯೂ ಖಾಲಿ ಎಂದರೆ 'ಸದ್ಯಕ್ಕೆ ಸಿದ್ಧವಾದದ್ದು ಏನೂ ಇಲ್ಲ' ಎಂದಷ್ಟೇ ಅರ್ಥ. ಮುಗಿಯಿತು ಎನ್ನಲು ಬೇರೆ ಗುರುತು (ಫ್ಲ್ಯಾಗ್) ಇದೆ. ಫ್ರೇಮ್ ಕಳಿಸುವುದು ಮುಗಿದಿದೆ ಎಂದು ತಿಳಿಸಿ ಕೇಳಿದರೆ ಅದು ಮುಂದಿನ ಪ್ಯಾಕೆಟ್ ಸಿದ್ಧವಾಗುವವರೆಗೂ ನಮ್ಮನ್ನು ಕಾಯಿಸುತ್ತದೆ. ಬದಲಾಯಿಸಿದ್ದು ಎರಡೇ ಸಾಲು. ಲಾಗ್ ಆನ್ ಮಾಡಿದಾಗ ನಮ್ಮ ಲೂಪ್ ನಿಧಾನವಾಗುತ್ತಿತ್ತು, ಅಷ್ಟರಲ್ಲಿ ಪ್ಯಾಕೆಟ್ ಸಿದ್ಧವಾಗಿರುತ್ತಿತ್ತು. ಅದಕ್ಕೇ ಆಗ ದೋಷ ಕಾಣುತ್ತಿರಲಿಲ್ಲ.

ಈ ತಪ್ಪು ಹುಡುಕಲು ಒಂದು ವಿಡಿಯೊ ಮಾಡಿಕೊಂಡಿದ್ದೆ. ಪ್ರತಿ ಫ್ರೇಮಿನ ಮೇಲೂ ಅದರ ಸಂಖ್ಯೆ ದೊಡ್ಡದಾಗಿ ಬರೆದಿತ್ತು, ಒಂದಾದ ಮೇಲೊಂದು. ಇದನ್ನು ಮೊದಲ ದಿನವೇ ಮಾಡಬೇಕಿತ್ತು. ಕೊನೆಯ ಫ್ರೇಮ್ ಸರಿಯಾಗಿ ಬಂತು ಎಂದು ಸಮಾಧಾನಪಟ್ಟುಕೊಳ್ಳುವಷ್ಟರಲ್ಲಿ ಮೊದಲ ಫ್ರೇಮಿನ ಮೇಲೆ '3' ಎಂದು ಕಂಡಿತು.

ಎಚ್.264ನಲ್ಲಿ ಬಿ-ಫ್ರೇಮ್‌ಗಳಿದ್ದರೆ (ಹಿಂದಿನ ಮತ್ತು ಮುಂದಿನ ಚಿತ್ರಗಳನ್ನು ನೋಡಿ ಕಟ್ಟುವ ಫ್ರೇಮ್‌ಗಳು) ಫ್ರೇಮ್‌ಗಳು ತೋರಿಸುವ ಕ್ರಮದಲ್ಲಿ ಬರುವುದಿಲ್ಲ, ಡಿಕೋಡ್ ಮಾಡುವ ಕ್ರಮದಲ್ಲಿ ಬರುತ್ತವೆ. ಆ ವ್ಯತ್ಯಾಸ ಹೊಂದಿಸಲು ನಮ್ಮ ಎಂಪಿ4 ಬರೆಯುವ ಭಾಗ ಎಲ್ಲ ಸಮಯವನ್ನೂ ಎರಡು ಫ್ರೇಮ್ ಮುಂದೆ ತಳ್ಳಿ, ಆಮೇಲೆ ಎಲ್ಲಿಂದ ತೋರಿಸಬೇಕೆಂದು ಪ್ಲೇಯರ್‌ಗೆ ಹೇಳುವ ಎಡಿಟ್ ಲಿಸ್ಟ್‌ನಲ್ಲಿ ಅಷ್ಟನ್ನು ಕತ್ತರಿಸುತ್ತಿತ್ತು. ಎವಿ1 ಹಾಗಲ್ಲ. ಅದರಲ್ಲಿಯೂ ಮುಂದಿನ ಚಿತ್ರ ಮೊದಲೇ ಬರುವುದುಂಟು, ಆದರೆ ತೋರಿಸಬೇಡ ಎಂಬ ಗುರುತಿನೊಂದಿಗೆ, ಬೇರೊಂದು ಫ್ರೇಮಿನ ಜೊತೆ ಟೆಂಪೊರಲ್ ಯೂನಿಟ್ ಎಂಬ ಒಂದೇ ಕಟ್ಟಿನಲ್ಲಿ ಸೇರಿಕೊಂಡು ಬರುತ್ತದೆ. ಹೊರಗಿನಿಂದ ನೋಡಿದರೆ ಒಂದು ಯೂನಿಟ್‌ಗೆ ತೋರಿಸುವ ಚಿತ್ರ ಒಂದೇ, ಅದೂ ತೋರಿಸುವ ಕ್ರಮದಲ್ಲೇ. ತಳ್ಳುವ ಅಗತ್ಯವೇ ಇಲ್ಲ. ಎವಿ1ಗೆ ನಮ್ಮ ಕೋಡ್ ಸಮಯವನ್ನು ತಳ್ಳದೆ, ಸುಮ್ನೆ ಎರಡು ಫ್ರೇಮ್ ಕತ್ತರಿಸುತ್ತಿತ್ತು. ಸೆಕೆಂಡಿಗೆ 25 ಫ್ರೇಮ್ ಇದ್ದರೆ 80 ಮಿಲಿಸೆಕೆಂಡ್. ಮಾತು ಕೇಳುವ ಮೊದಲೇ ತುಟಿ ಅಲುಗುತ್ತಿತ್ತು.

 

ಎಡಿಟ್ ಲಿಸ್ಟ್ ಸರಿಮಾಡುವಾಗ ಆ 'ಎರಡು' ಎಂಬ ಸಂಖ್ಯೆ ಎಲ್ಲಿಂದ ಬಂತು ಎಂದು ಹುಡುಕಿದೆ. ಎಲ್ಲಿಂದಲೂ ಅಲ್ಲ, ಯಾರೋ ಹಾಗೇ ಬರೆದಿಟ್ಟಿದ್ದರು. ಅನುಮಾನ ಬಂದು, ಸಂಖ್ಯೆ ಬರೆದ ಅದೇ ವಿಡಿಯೊವನ್ನು ನಮ್ಮ ಹಳೆಯ ಎಚ್.264 ದಾರಿಯಲ್ಲಿ, ಬಿ-ಫ್ರೇಮ್ ಆಫ್ ಮಾಡಿ ಓಡಿಸಿದೆ. ಮೊದಲ ಚಿತ್ರದ ಮೇಲೆ ಅಲ್ಲೂ '3' ಬಂತು. ಬಿ-ಫ್ರೇಮ್ ಆಫ್ ಮಾಡಿ ಬಳಸುತ್ತಿದ್ದವರ ಪ್ರತಿ ವಿಡಿಯೊದಲ್ಲೂ ನಾವು ನಾಲ್ಕು ವರ್ಷದಿಂದ ಮೊದಲ ಎರಡು ಫ್ರೇಮ್ ನುಂಗುತ್ತಿದ್ದೆವು. ಆ ತಿದ್ದುಪಡಿಯನ್ನು ಎವಿ1ಗೆ ಕಾಯಿಸದೆ, ಆ ವಾರವೇ ಎಲ್ಲರಿಗೂ ಕಳಿಸಿದೆವು.