ಕ್ಯಾಸಂಬಳ್ಳಿಯ ಕೆ.ಸಿ. ರೆಡ್ಡಿ ಮತ್ತು ಉತ್ತರ ಕೊಡಬೇಕಾದ ಸರ್ಕಾರ

ಕೋಲಾರದ ಪ್ರೌಢಶಾಲೆಯೊಂದರಲ್ಲಿ ನಾನು ಸಮಾಜ ವಿಜ್ಞಾನ ಪಾಠ ಮಾಡುತ್ತೇನೆ. ಕಳೆದ ವರ್ಷ ಹತ್ತನೇ ತರಗತಿಯಲ್ಲಿ ನಮ್ಮ ರಾಜ್ಯದ ಮೊದಲ ಮುಖ್ಯಮಂತ್ರಿ ಕೆ.ಸಿ. ರೆಡ್ಡಿಯವರು ಎಂದು ಹೇಳಿದಾಗ ಹುಡುಗಿಯೊಬ್ಬಳು ಎದ್ದು ನಿಂತು, "ಸಾರ್, ನಮ್ಮೂರ ಕೆರೆಗೆ ನೀರು ಬರುತ್ತಲ್ಲ, ಆ ಕೆ.ಸಿ. ವ್ಯಾಲಿ ಅವರ ಹೆಸರಿನದೇನಾ?" ಎಂದು ಕೇಳಿದಳು. ಅಲ್ಲಮ್ಮ, ಅದು ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಹೆಸರು, ಅಲ್ಲಿ ಸಂಸ್ಕರಿಸಿದ ನೀರು 2018ರಿಂದ ನಮ್ಮ ಕೆರೆಗಳಿಗೆ ಬರುತ್ತಿದೆ ಎಂದು ವಿವರಿಸಿದೆ. ಅವಳ ಪ್ರಶ್ನೆಯಲ್ಲಿ ತಪ್ಪೇನೂ ಇರಲಿಲ್ಲ. ಆ ಎರಡು ಅಕ್ಷರಗಳು ಇಂದು ಕೋಲಾರದ ಮಕ್ಕಳ ಕಿವಿಗೆ ಬೀಳುವುದು ಆ ನೀರಿನ ಮಾತಿನಲ್ಲಿ ಮಾತ್ರ. ಇದೇ ಜಿಲ್ಲೆಯಲ್ಲಿ ಹುಟ್ಟಿ, ಈ ರಾಜ್ಯದಲ್ಲಿ ಶಾಸಕ ಎನ್ನುವ ಮಾತಿಗೆ ಅಧಿಕಾರದ ಅರ್ಥ ಬರಲು ದುಡಿದವರ ಬಗ್ಗೆ ನಾನು ತರಗತಿಯಲ್ಲಿ ಒಂದೇ ಸಾಲು ಹೇಳಿ ಮುಂದಕ್ಕೆ ಹೋಗುತ್ತಿದ್ದೆನಲ್ಲ ಎಂಬ ನೋವು ಅಂದು ಸಂಜೆಯವರೆಗೂ ಉಳಿಯಿತು.

ಕ್ಯಾಸಂಬಳ್ಳಿ ಚೆಂಗಲರಾಯ ರೆಡ್ಡಿಯವರು ಹುಟ್ಟಿದ್ದು 1902ರ ಮೇ 4ರಂದು. ಕ್ಯಾಸಂಬಳ್ಳಿ ಆಂಧ್ರದ ಗಡಿಗೆ ಹತ್ತಿರದ ಊರು. ಬಹುಕಾಲ ಬಂಗಾರಪೇಟೆ ತಾಲ್ಲೂಕಿನಲ್ಲಿದ್ದು ಈಗ ಕೆಜಿಎಫ್ ತಾಲ್ಲೂಕಿಗೆ ಸೇರಿದೆ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಎನ್ನುವುದು ನಮ್ಮ ಈ ಸೀಮೆಯ ಎಷ್ಟೋ ಮನೆಗಳ ಪದ್ಧತಿ. ಇಂಥ ಗಡಿಯ ಹಳ್ಳಿಯಿಂದ ಬಂದು ಕಾನೂನು ಪದವಿ ಪಡೆದ ಯುವಕ 1930ರಲ್ಲಿ ಸಂಗಡಿಗರೊಂದಿಗೆ ಪ್ರಜಾ ಪಕ್ಷವನ್ನು ಕಟ್ಟಿದರು. ಆ ಪಕ್ಷದ ಮುಖ್ಯ ಬೇಡಿಕೆಯನ್ನು ಅಂದಿನವರು "ಜವಾಬ್ದಾರಿ ಸರ್ಕಾರ" ಎಂದು ಕರೆಯುತ್ತಿದ್ದರು.

ಈ ಮಾತಿನ ತೂಕ ತಿಳಿಯಬೇಕಾದರೆ ಅಂದಿನ ಸಭೆಗಳು ಹೇಗಿದ್ದವು ಎಂಬುದನ್ನು ನೋಡಬೇಕು. ಮೈಸೂರು ಪ್ರಜಾಪ್ರತಿನಿಧಿ ಸಭೆ ದಿವಾನ ರಂಗಾಚಾರ್ಲು ಅವರ ಕಾಲದಲ್ಲಿ, 1881ರ ಅಕ್ಟೋಬರ್‌ನಲ್ಲಿ, 144 ಸದಸ್ಯರೊಂದಿಗೆ ಮೊದಲ ಬಾರಿಗೆ ಸೇರಿತು. ಇಡೀ ದೇಶದಲ್ಲಿ ಅಂಥದ್ದು ಬೇರೆಲ್ಲೂ ಇಲ್ಲದಿದ್ದ ಕಾಲದಲ್ಲಿ ಅದನ್ನು ಕಂಡುಕೊಂಡ ಹೆಮ್ಮೆ ನಮಗೆ ಸಲ್ಲಬೇಕಾದದ್ದೇ. ದಸರೆಯ ಹೊತ್ತಿಗೆ ತಾಲ್ಲೂಕುಗಳಿಂದ ಬಂದ ಪ್ರತಿನಿಧಿಗಳು ಕೆರೆ, ಕಂದಾಯ, ರಸ್ತೆ, ಶಾಲೆ ಎಂದು ತಮ್ಮ ಅಹವಾಲು ಹೇಳಿಕೊಳ್ಳುತ್ತಿದ್ದರು, ದಿವಾನರು ಉತ್ತರಿಸುತ್ತಿದ್ದರು. 1907ರಲ್ಲಿ ಇದಕ್ಕೆ ಜೊತೆಯಾಗಿ ಶಾಸನ ಪರಿಷತ್ತು ಬಂತು. ಆದರೆ ಸದಸ್ಯರು ಕೇಳಿದ್ದನ್ನು ದಿವಾನರು ನಡೆಸಿಕೊಡಲೇಬೇಕು ಎಂಬ ಕಟ್ಟು ಎಲ್ಲೂ ಇರಲಿಲ್ಲ. ಅವರು ಲೆಕ್ಕ ಒಪ್ಪಿಸಬೇಕಾದದ್ದು ಮಹಾರಾಜರಿಗೆ. ಸಭೆ ಒಪ್ಪದಿದ್ದರೂ ದಿವಾನರ ಕುರ್ಚಿ ಅಲುಗುತ್ತಿರಲಿಲ್ಲ. ಒಳ್ಳೆಯ ಆಡಳಿತಕ್ಕೆ ಹೆಸರಾದ ಸಂಸ್ಥಾನದಲ್ಲಿ, ಆಡಳಿತ ಚೆನ್ನಾಗಿದ್ದರೆ ಸಾಲದು, ಅದು ಜನರ ಪ್ರತಿನಿಧಿಗಳಿಗೆ ಉತ್ತರ ಕೊಡುವಂತಿರಬೇಕು ಎಂದು ಕೇಳುವುದು ಸುಲಭದ ಕೆಲಸವಾಗಿರಲಿಲ್ಲ ಎಂದೇ ನಾನು ತಿಳಿದಿದ್ದೇನೆ. ಕೊರತೆ ಕಣ್ಣಿಗೆ ಕಾಣುವಲ್ಲಿ ಹೋರಾಡುವುದಕ್ಕಿಂತ ಅದು ಕಷ್ಟದ್ದು.

1934ರಲ್ಲಿ ಪ್ರಜಾ ಪಕ್ಷ ಮತ್ತು ಬ್ರಾಹ್ಮಣೇತರ ಮುಖಂಡರ ಪಕ್ಷವಾದ ಪ್ರಜಾಮಿತ್ರ ಮಂಡಲಿ ಕೂಡಿ ಪ್ರಜಾ ಸಂಯುಕ್ತ ಪಕ್ಷವಾಯಿತು. 1937ರಲ್ಲಿ ಅದೂ ಕಾಂಗ್ರೆಸ್ಸಿನಲ್ಲಿ ವಿಲೀನವಾಯಿತು. ರೆಡ್ಡಿಯವರ ಜೀವನದ ದೊಡ್ಡ ತೀರ್ಮಾನ ಯಾವುದೆಂದು ಯಾರಾದರೂ ಕೇಳಿದರೆ ನಾನು ಇದನ್ನೇ ಹೇಳುತ್ತೇನೆ. ಅದುವರೆಗೆ ಮೈಸೂರಿನ ಕಾಂಗ್ರೆಸ್ಸು ಹೆಚ್ಚಾಗಿ ಪಟ್ಟಣದ ವಿದ್ಯಾವಂತರ, ಅದರಲ್ಲೂ ಬ್ರಾಹ್ಮಣರ ಸಂಸ್ಥೆ ಎನಿಸಿಕೊಂಡಿತ್ತು. ಬ್ರಾಹ್ಮಣೇತರ ರಾಜಕಾರಣ ಬೇರೆ ದಾರಿಯಲ್ಲಿ ನಡೆದಿತ್ತು. ಹಳ್ಳಿಗಾಡಿನ ಒಕ್ಕಲು ಸಮುದಾಯಗಳ ಮುಖಂಡರು ಆ ಎರಡು ದಾರಿಗಳನ್ನು ಕೂಡಿಸಿದ ಮೇಲೆಯೇ ಜವಾಬ್ದಾರಿ ಸರ್ಕಾರದ ಕೂಗು ಊರೂರಿಗೆ ಮುಟ್ಟಿತು. ರೆಡ್ಡಿಯವರು 1937–38ರಲ್ಲಿ ಮೈಸೂರು ಕಾಂಗ್ರೆಸ್ಸಿನ ಅಧ್ಯಕ್ಷರೂ ಆದರು.

ಆ ಕೂಗಿಗೆ ನಮ್ಮ ಜಿಲ್ಲೆ ಕೊಟ್ಟ ಬೆಲೆಯನ್ನು ನಾವು ಮರೆಯುವಂತಿಲ್ಲ. 1938ರ ಏಪ್ರಿಲ್‌ನಲ್ಲಿ ಮದ್ದೂರಿನ ಬಳಿ ಶಿವಪುರದಲ್ಲಿ ಧ್ವಜ ಸತ್ಯಾಗ್ರಹ ನಡೆಯಿತು. ಅದೇ ತಿಂಗಳ 25ರಂದು ಅಂದಿನ ಕೋಲಾರ ಜಿಲ್ಲೆಯ ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಸತ್ತವರು ಹತ್ತು ಜನ ಎಂದು ಸರ್ಕಾರ ಹೇಳಿತು. ಜನ ಹೇಳುವ ಲೆಕ್ಕ 32. ಅಶ್ವತ್ಥದ ಕೆಳಗಿನ ನಾಗರಕಲ್ಲುಗಳಿಗೆ ಕೈಮುಗಿಯಲು ಅಲ್ಲಿಗೆ ಹೋಗುವ ನಮ್ಮ ಕಡೆಯವರು ಪಕ್ಕದಲ್ಲಿ ಆ ಹುತಾತ್ಮರ ನೆನಪಿಗಿರುವ ವೀರಸೌಧಕ್ಕೂ ಹೆಜ್ಜೆ ಹಾಕಬೇಕೆಂಬುದು ನನ್ನ ಪ್ರಾರ್ಥನೆ. ಆ ಸಾವುಗಳ ಬಳಿಕ ಸರ್ದಾರ್ ಪಟೇಲರು ಮತ್ತು ಕೃಪಲಾನಿಯವರು ಬಂದು ದಿವಾನ ಮಿರ್ಜಾ ಇಸ್ಮಾಯಿಲ್ ಅವರೊಡನೆ ಮಾತನಾಡಿ ಒಪ್ಪಂದ ಮಾಡಿಸಿದರು. ಸಂಸ್ಥಾನದ ಧ್ವಜದ ಜೊತೆಗೆ ಕಾಂಗ್ರೆಸ್ ಧ್ವಜವನ್ನೂ ಹಾರಿಸಬಹುದೆಂದಾಯಿತು. ಆದರೆ ಮೂಲ ಪ್ರಶ್ನೆ ಉಳಿದೇ ಇತ್ತು.

ಅದು ಬಗೆಹರಿದದ್ದು ದೇಶಕ್ಕೆ ಸ್ವಾತಂತ್ರ್ಯ ಬಂದ ಮೇಲೆ. 1947ರ ಆಗಸ್ಟ್ 15ರಂದು ಮೈಸೂರಿನ ಜನ ಹಬ್ಬ ಆಚರಿಸಿದರು ನಿಜ, ಆದರೆ ಅಂದೂ ಇಲ್ಲಿ ಆಳುತ್ತಿದ್ದವರು ಮಹಾರಾಜರು ನೇಮಿಸಿದ ದಿವಾನ ಆರ್ಕಾಟ್ ರಾಮಸ್ವಾಮಿ ಮೊದಲಿಯಾರ್ ಅವರೇ. ಸೆಪ್ಟೆಂಬರ್‌ನಲ್ಲಿ "ಮೈಸೂರು ಚಲೋ" ಚಳವಳಿ ಆರಂಭವಾಯಿತು. ರೆಡ್ಡಿಯವರೂ ಉಳಿದ ನಾಯಕರೂ ಜೈಲು ಸೇರಿದರು. ಮೈಸೂರಿನಲ್ಲಿ ಗುಂಡೇಟಿಗೆ ಬಲಿಯಾದ ವಿದ್ಯಾರ್ಥಿ ರಾಮಸ್ವಾಮಿಯ ಹೆಸರು ಇಂದಿಗೂ ಅಲ್ಲಿನ ವೃತ್ತಕ್ಕಿದೆ. ಕೊನೆಗೆ ಜಯಚಾಮರಾಜೇಂದ್ರ ಒಡೆಯರು ಒಪ್ಪಿದರು, ಅಕ್ಟೋಬರ್ 25ರಂದು ಕೆ.ಸಿ. ರೆಡ್ಡಿಯವರು ಮುಖ್ಯಮಂತ್ರಿಯಾದರು. ದೇಶದ ಸ್ವಾತಂತ್ರ್ಯಕ್ಕೂ ನಮ್ಮದಕ್ಕೂ ನಡುವೆ ಎರಡು ತಿಂಗಳು ಹತ್ತು ದಿನಗಳ ಅಂತರವಿದೆ ಎಂದು ಹೇಳಿದಾಗ ಮಕ್ಕಳು ಅಚ್ಚರಿಪಡುತ್ತಾರೆ.

ಮುಂದಿನ ನಾಲ್ಕೂವರೆ ವರ್ಷಗಳಲ್ಲಿ ಹಳೆಯ ವ್ಯವಸ್ಥೆ ಹೊಸದಕ್ಕೆ ಎಡೆಮಾಡಿಕೊಟ್ಟಿತು. ಭಾರತದ ಸಂವಿಧಾನ ಸಭೆಯಲ್ಲಿ ರೆಡ್ಡಿಯವರು ಮೈಸೂರಿನ ಸದಸ್ಯರಾಗಿದ್ದರು. 1949ರ ನವೆಂಬರ್‌ನಲ್ಲಿ ಭಾರತದ ಸಂವಿಧಾನವನ್ನೇ ಮೈಸೂರೂ ಒಪ್ಪಿಕೊಂಡಿತು; ಆ ವರ್ಷದ ಡಿಸೆಂಬರ್‌ನಲ್ಲಿ ಪ್ರಜಾಪ್ರತಿನಿಧಿ ಸಭೆ ವಿಸರ್ಜನೆಯಾಯಿತು. 1951ರ ಜುಲೈ 13ರಂದು ಜವಾಹರಲಾಲ್ ನೆಹರೂ ಅವರು ವಿಧಾನಸೌಧಕ್ಕೆ ಶಂಕುಸ್ಥಾಪನೆ ಮಾಡಿದಾಗ ಮುಖ್ಯಮಂತ್ರಿಯಾಗಿದ್ದವರು ಇವರೇ. ಅಂದು ಮನಸ್ಸಿನಲ್ಲಿದ್ದ ಕಟ್ಟಡ ಸರಳವಾದದ್ದು. 1952ರ ಮಾರ್ಚ್ 30ರಂದು ಅಧಿಕಾರಕ್ಕೆ ಬಂದ ಕೆಂಗಲ್ ಹನುಮಂತಯ್ಯನವರು ಆ ನಕ್ಷೆಯನ್ನು ಬದಲಿಸಿ, ಇಂದು ನಾವು ಕಾಣುವ ಭವ್ಯ ಸೌಧವನ್ನು ಕಟ್ಟಿಸಿದರು. ಕೆಂಗಲ್ ಅವರ ಹೆಸರು ಅದರೊಡನೆ ಬೆಸೆದುಕೊಂಡದ್ದು ನ್ಯಾಯವೇ. ಆದರೂ ಸರ್ಕಾರ ಸದನಕ್ಕೆ ಉತ್ತರ ಕೊಡಬೇಕೆಂದು ಹದಿನೇಳು ವರ್ಷ ಕೇಳುತ್ತ ಬಂದವರ ಹೆಸರು, ಆ ಸದನಕ್ಕೊಂದು ಮನೆ ಕಟ್ಟಲು ಅಡಿಗಲ್ಲು ಬಿದ್ದ ದಿನದ ನೆನಪಿನಿಂದಲೂ ಸರಿದುಹೋಗಿರುವುದು ನನ್ನನ್ನು ಕಾಡುತ್ತದೆ.

ಆಮೇಲಿನ ಅವರ ಬದುಕು ದೆಹಲಿಯದು: ರಾಜ್ಯಸಭೆ, 1957ರಲ್ಲಿ ಕೋಲಾರದಿಂದ ಲೋಕಸಭೆ, ನೆಹರೂ ಸಂಪುಟದಲ್ಲಿ ಖಾತೆಗಳು, 1965ರಿಂದ 1971ರವರೆಗೆ ಮಧ್ಯಪ್ರದೇಶದ ರಾಜ್ಯಪಾಲರ ಹುದ್ದೆ. 1976ರ ಫೆಬ್ರವರಿ 27ರಂದು ಅವರು ತೀರಿಕೊಂಡರು.

ಅವರ ಹುಟ್ಟಿದ ದಿನ ಬೇಸಿಗೆ ರಜೆಯಲ್ಲಿ ಬರುವುದರಿಂದ ಶಾಲೆಯಲ್ಲಿ ಜಯಂತಿ ಮಾಡುವ ಅವಕಾಶವಿಲ್ಲ. ಹಾಗಾಗಿ ಈ ವರ್ಷ ದಸರಾ ರಜೆ ಮುಗಿದ ಮೇಲೆ ಅಕ್ಟೋಬರ್ 25ರ ಪಾಠವನ್ನು ಬೇರೆ ರೀತಿಯಲ್ಲಿ ಮಾಡಬೇಕೆಂದಿದ್ದೇನೆ. ತರಗತಿಯನ್ನು ಎರಡು ಸಭೆಗಳಾಗಿ ಕೂರಿಸುತ್ತೇನೆ: ಒಂದರಲ್ಲಿ ಮಕ್ಕಳು ಅಹವಾಲು ಹೇಳಿ ಕೂತುಕೊಳ್ಳಬೇಕು, ಇನ್ನೊಂದರಲ್ಲಿ ಉತ್ತರ ಸರಿಹೋಗದಿದ್ದರೆ ಮಂತ್ರಿಯನ್ನು ಕೆಳಗಿಳಿಸಬಹುದು. ಕೆ.ಸಿ. ವ್ಯಾಲಿಯ ಬಗ್ಗೆ ಕೇಳಿದ ಹುಡುಗಿ ಈಗ ಪಿಯುಸಿಯಲ್ಲಿದ್ದಾಳೆ. ಅವಳನ್ನೂ ಆ ದಿನಕ್ಕೆ ಬರಹೇಳಿದ್ದೇನೆ.