ಅಜ್ಜಿಯ ಕೌದಿ, ಡಾಂಬರ ಗುಳಿಗೆ, ನನ್ನ ಮೂಗು: ಆರನೇ ವಾರ

ಸೆಂಟು, ಫಿನಾಯಿಲ್, ಊದಬತ್ತಿ, ಹೊಸ ಬಣ್ಣ, ಯಾವುದೂ ನನಗೆ ಆಗಿ ಬರುವುದಿಲ್ಲ. ಹತ್ತು ನಿಮಿಷದಲ್ಲಿ ಗಂಟಲು ಕಟ್ಟುತ್ತದೆ, ಅರ್ಧ ತಾಸಿಗೆ ಎಡಗಣ್ಣಿನ ಹಿಂದೆ ನೋವು ಶುರು. ಮದುವೆಗೆ ಹೋದರೆ ಚಪ್ಪಲಿ ಬಿಡುವ ಜಾಗದಲ್ಲೇ ನಿಂತು ಅಕ್ಷತೆ ಹಾಕಿ ಬರುವವ ನಾನು. ಅಲ್ಲಿನ ವಾಸನೆ ನನಗೆ ಏನೂ ಮಾಡುವುದಿಲ್ಲ, ಅದೇ ವಿಚಿತ್ರ.

ಅಂಥವನ ಪಾಲಿಗೆ ಬಂದದ್ದು ಅಜ್ಜಿ ಹೊಲಿದ ಕೌದಿ. ಮಾರ್ಚ್ ಮೊದಲ ವಾರ ಟ್ರಂಕು ತೆಗೆದೆವು. ಕೌದಿ ಕಣ್ಣಿಗೆ ಬೀಳುವ ಮೊದಲೇ ವಾಸನೆ ಮೂಗಿಗೆ ಬಡಿಯಿತು. ಮಡಿಕೆ ಮಡಿಕೆಯಲ್ಲೂ ಡಾಂಬರ ಗುಳಿಗೆ. ಕೆಲವು ಕರಗಿ ಕಡಲೆಯಷ್ಟಾಗಿದ್ದವು.

ಮೊದಲ ಕೆಲಸ, ಅದು ಯಾವ ಗುಳಿಗೆ ಅಂತ ತಿಳಿಯುವುದು. ಡಾಂಬರ ಗುಳಿಗೆ ಅಂತ ಎರಡು ಬೇರೆ ಬೇರೆ ವಸ್ತು ಮಾರುತ್ತಾರೆ. ಒಂದು ನ್ಯಾಫ್ಥಲೀನ್, ಇನ್ನೊಂದು ಪ್ಯಾರಾಡೈಕ್ಲೋರೋಬೆಂಜೀನ್. ಮಾಳಿಗೆ ಮೇಲೆ, ಗಾಳಿಗೆ ಬೆನ್ನು ಮಾಡಿ ಕೂತು ಪರೀಕ್ಷೆ ಮಾಡಿದೆ. ಇಕ್ಕಳದಲ್ಲಿ ಒಂದು ಗುಳಿಗೆ ಹಿಡಿದು ಬರೀ ನೀರಿಗೆ ಬಿಟ್ಟೆ, ಮುಳುಗಿತು. ಕರ್ಪೂರವಾಗಿದ್ದರೆ ತೇಲುತ್ತಿತ್ತು. ಇನ್ನೊಂದು ಗ್ಲಾಸಿನಲ್ಲಿ ಇನ್ನು ಕರಗುವುದಿಲ್ಲ ಅನ್ನುವವರೆಗೆ ಉಪ್ಪು ಹಾಕಿ ಕಲಕಿ, ಅದೇ ಗುಳಿಗೆ ಬಿಟ್ಟೆ. ಒಂದು ಸಲ ಕೆಳಗೆ ಹೋಗಿ, ನಿಧಾನಕ್ಕೆ ಮೇಲೆ ಬಂದು ಗ್ಲಾಸಿನ ಅಂಚಿಗೆ ಅಂಟಿಕೊಂಡಿತು. ಅಂದರೆ ನ್ಯಾಫ್ಥಲೀನ್. ಇನ್ನೊಂದಾಗಿದ್ದರೆ ಉಪ್ಪುನೀರಿನಲ್ಲೂ ಮುಳುಗುತ್ತಿತ್ತು. (ಆ ಗ್ಲಾಸು ಈಗ ಗಿಡಗಳ ಹತ್ತಿರ ಇದೆ, ಅಡುಗೆಮನೆಗೆ ವಾಪಸ್ ಹೋಗಿಲ್ಲ.)

ಇದು ಗೊತ್ತಾದ ಮೇಲೆ ದಾರಿ ಸುಲಭ. ನ್ಯಾಫ್ಥಲೀನ್ ನೀರಿನಲ್ಲಿ ಕರಗುವುದೇ ಇಲ್ಲ ಅನ್ನುವಷ್ಟು ಕಡಿಮೆ, ಹಾಗಾಗಿ ಬರೀ ಒಗೆದರೆ ಪ್ರಯೋಜನವಿಲ್ಲ. ಆದರೆ ಅದು ಗಟ್ಟಿಯಿಂದ ನೇರ ಗಾಳಿಯಾಗುತ್ತದೆ, ನಡುವೆ ನೀರಾಗುವುದಿಲ್ಲ. ಬೇಕಾದದ್ದು ಬಿಸಿ ಮತ್ತು ಗಾಳಿ. ವಿಜಯಪುರದ ಬೇಸಿಗೆಯಲ್ಲಿ ಇವೆರಡಕ್ಕೆ ಬರವೇ? ದಿನಾ ಒಂಬತ್ತಕ್ಕೆ ಕೌದಿ ಮಾಳಿಗೆಗೆ. ನೆಲಕ್ಕೆ ಹಾಸಿದರೆ ಒಂದೇ ಮೈ ಕಾಯುತ್ತದೆ ಅಂತ ಹೊರಸನ್ನು ಗೋಡೆಗೆ ಓರೆಯಾಗಿ ನಿಲ್ಲಿಸಿ ಅದರ ಮೇಲೆ ಹಾಕಿದೆ. ಹೊರಸಿನ ನುಲಿಯ ಸಂದಿಯಿಂದ ಗಾಳಿ ಆಡುತ್ತದೆ. ಮಧ್ಯಾಹ್ನ ಮೈ ತಿರುವಿ ಹಾಕುವುದು. ಸಂಜೆ ಕೆಳಗೆ ತಂದು ವರಾಂಡದಲ್ಲಿ, ಕೋಣೆಯಲ್ಲಿ ಅಲ್ಲ.

ಮೊದಲ ನಾಲ್ಕು ದಿನ ಏನೂ ಫರಕ್ಕು ಕಾಣಲಿಲ್ಲ. ಐದಾರು ಪದರ ಹಳೆ ಸೀರೆ, ಧೋತರ. ಒಳಗಿನದು ಹೊರಗೆ ಬರಲು ಸಮಯ ಬೇಕು, ಅಲ್ವಾ.

ನನ್ನ ಮೂಗಿನ ಮೇಲೆ ನನಗೇ ನಂಬಿಕೆ ಇಲ್ಲ. ವಾಸನೆ ಇದೆ ಅಂತ ಹೆದರಿಕೊಂಡೇ ಮೂಸಿದರೆ ಇದ್ದೇ ಇರುತ್ತದೆ. ಅದಕ್ಕೆ ಡಬ್ಬಿ ಪರೀಕ್ಷೆ ಮಾಡಿಕೊಂಡೆ. ಒಂದು ಕರವಸ್ತ್ರ ರಾತ್ರಿಯಿಡೀ ಕೌದಿಯ ಮಡಿಕೆಯಲ್ಲಿ, ಇನ್ನೊಂದು ಬೇರೆ ಕೋಣೆಯಲ್ಲಿ. ಬೆಳಿಗ್ಗೆ ಎರಡನ್ನೂ ಒಂದೇ ಥರದ ಸ್ಟೀಲ್ ಡಬ್ಬಿಗಳಲ್ಲಿ ಹಾಕಿ ಒಂದು ತಾಸು ಬಿಸಿಲಿಗೆ. ಅಣ್ಣನ ಮಗ ಡಬ್ಬಿ ಅದಲು ಬದಲು ಮಾಡಿ ತಂದು ಇಡುತ್ತಾನೆ. ನಾನು ಮುಚ್ಚಳ ಚೂರೇ ಎತ್ತಿ, ಯಾವುದು ಕೌದಿಯದು ಅಂತ ಹೇಳಿ, ಹತ್ತಕ್ಕೆ ಅಂಕ ಕೊಡಬೇಕು. ಶುರುವಿನಲ್ಲಿ ಹತ್ತಕ್ಕೆ ಹತ್ತು. ಎರಡನೇ ವಾರ ಆರು. ಮೂರನೇ ವಾರ ನಾಲ್ಕು.

ಆಮೇಲೆ ಎಡವಟ್ಟು. ನಾನು ಊರಲ್ಲಿರಲಿಲ್ಲ. ವೈನಿಗೆ ಪಾಪ ಅನಿಸಿದೆ, ಇವನು ದಿನಾ ಕೌದಿ ಹೊತ್ತು ಮಾಳಿಗೆ ಹತ್ತುತ್ತಾನಲ್ಲ ಅಂತ. ಒಗೆದು, ಕೊನೆಯ ನೀರಿಗೆ ಎರಡು ಮುಚ್ಚಳ ಫ್ಯಾಬ್ರಿಕ್ ಕಂಡೀಷನರ್ ಹಾಕಿದ್ದಾರೆ. ನಾನು ಬಂದಾಗ ಬಾಗಿಲಲ್ಲೇ ಖುಷಿಯಿಂದ, "ಮಲ್ಲಿಗಿ ಹೂವಿನ ಗತೆ ವಾಸ್ನಿ ಬರಾಕತ್ತೈತಿ ನೋಡ ತಮ್ಮಾ!" ಅಂದರು. ನಾನು ನಕ್ಕೆ. ಮತ್ತೇನು ಮಾಡುವುದು? ಆ ರಾತ್ರಿ ಮಾಳಿಗೆ ಮೇಲೆ ಮಲಗಿದೆ.

ಡಬ್ಬಿಯಲ್ಲಿ ಅಂಕ ಒಂಬತ್ತಕ್ಕೆ ಏರಿತು. ಡಾಂಬರಿಗಿಂತ ಇದೇ ಹಟಮಾರಿ. ಕಂಡೀಷನರ್ ಇರುವುದೇ ಬಟ್ಟೆಗೆ ಅಂಟಿಕೊಂಡು ಉಳಿಯಲಿ ಅಂತ. ನೀರಲ್ಲಿ ಹತ್ತಿಯ ಮೈಗೆ ಋಣ ವಿದ್ಯುದಂಶ (ಮೈನಸ್), ಕಂಡೀಷನರಿನ ಅಂಶಕ್ಕೆ ಧನ (ಪ್ಲಸ್), ಒಂದನ್ನೊಂದು ಎಳೆದುಕೊಳ್ಳುತ್ತವೆ. ಕೆಲವದರಲ್ಲಿ ಸೆಂಟನ್ನು ಕಣ್ಣಿಗೆ ಕಾಣದ ಪುಟ್ಟ ಗುಳ್ಳೆಗಳಲ್ಲಿ ತುಂಬಿರುತ್ತಾರೆ. ಬಟ್ಟೆ ಉಜ್ಜಿದಾಗೆಲ್ಲ ಗುಳ್ಳೆ ಒಡೆದು ಮತ್ತೆ ಘಮ. ಒಂದು ಮಗ್ಗುಲಿಂದ ಇನ್ನೊಂದು ಮಗ್ಗುಲಿಗೆ ಹೊರಳಿದರೂ ಸಾಕು.

ಬಿಸಿನೀರು ಮತ್ತು ವಾಷಿಂಗ್ ಸೋಡಾದಲ್ಲಿ ನೆನೆಸಬೇಕಿತ್ತು. ಆದರೆ ಒಂದು ಮೂಲೆಯಲ್ಲಿ ಅಜ್ಜಿ ತನ್ನ ಇಳಕಲ್ ಸೀರೆಯ ಸೆರಗಿನ ತುಂಡು ಹಚ್ಚಿದ್ದಾಳೆ. ಕೆಂಪು ರೇಷ್ಮೆ, ಬಿಳಿ ತೆನೆ. ಸೋಡಾ ಹತ್ತಿಯನ್ನು ಬಿಟ್ಟರೂ ರೇಷ್ಮೆಯನ್ನು ಬಿಡುವುದಿಲ್ಲ. ಎರಡು ದಿನ ಯೋಚಿಸಿ, ಆ ಮೂಲೆಯನ್ನು ಗಂಟು ಕಟ್ಟಿ, ಹಗ್ಗದಿಂದ ನಲ್ಲಿಗೆ ಬಿಗಿದು, ಉಳಿದದ್ದನ್ನು ಮಾತ್ರ ಟಬ್ಬಿಗೆ ಇಳಿಸಿದೆ. ನೋಡಿದವರು ಕೌದಿಗೆ ಶಿಕ್ಷೆ ಕೊಡುತ್ತಿದ್ದಾನೆ ಅಂದುಕೊಂಡಿರಬೇಕು. ನಾಲ್ಕು ತಾಸಿನ ಮೇಲೆ ನೀರು ಚಹಾದ ಬಣ್ಣ.

ಆಮೇಲೆ ಇಡೀ ಕೌದಿಗೆ ಅಂಟುವಾಳ. ಕಾಲು ಕಿಲೋ ಕಾಯಿ, ಬೀಜ ತೆಗೆದು, ಎರಡೂವರೆ ಲೀಟರ್ ನೀರಲ್ಲಿ ರಾತ್ರಿ ನೆನೆಸಿ, ಬೆಳಿಗ್ಗೆ ಇಪ್ಪತ್ತು ನಿಮಿಷ ಕುದಿಸಿ ಹಿಂಡಿ ಸೋಸುವುದು. ನಮ್ಮ ಬೋರ್‌ವೆಲ್ ನೀರು ಗಡಸು. ಸೋಪು ಹಾಕಿದರೆ ಬಿಳಿ ಕೆನೆ ಕಟ್ಟಿ ಬಟ್ಟೆಗೆ ಮೆತ್ತುತ್ತದೆ, ಅಂಟುವಾಳಕ್ಕೆ ಆ ತೊಂದರೆ ಇಲ್ಲ. ಕಣ್ಣಿಗೆ ಸಿಡಿದರೆ ಮಾತ್ರ ದೇವರೇ ಗತಿ. ಇನ್ನೊಂದು, ಈ ಸೆಕೆಗೆ ರಸ ಮೂರನೇ ದಿನಕ್ಕೇ ಹುಳಿ. ಮೊದಲ ಪಾತ್ರೆ ಚೆಲ್ಲಿದೆ, ಈಗ ಐಸ್ ಟ್ರೇಯಲ್ಲಿ ಗಟ್ಟಿ ಮಾಡಿ ಇಟ್ಟಿದ್ದೇನೆ. ಹಸಿ ಇರುವಾಗ ಅದಕ್ಕೂ ಒಂದು ವಾಸನೆ ಉಂಟು, ಹುಣಸೆ ಬೆಲ್ಲ ಕಲಸಿದ ಹಾಗೆ. ಒಣಗಿದ ಮೇಲೆ ಇರುವುದಿಲ್ಲ. ನೆಂದ ಕೌದಿ ಹಿಂಡಲು ಅಣ್ಣ ಒಂದು ತುದಿ, ನಾನು ಒಂದು ತುದಿ. ಕೋಲಿನಿಂದ ಬಡಿಯಲಿಲ್ಲ, ದಾರ ಹಳೆಯದು.

ಮೂರು ಸಲ ಹೀಗೆ. ಅಂಕ ಆರು, ಮೂರು, ಎರಡು. ನಿನ್ನೆಯ ಪರೀಕ್ಷೆಯಲ್ಲಿ ಐದು ಸಲದಲ್ಲಿ ಎರಡು ಸಲ ತಪ್ಪು ಡಬ್ಬಿ ತೋರಿಸಿದೆ. ತಪ್ಪಿದ್ದಕ್ಕೆ ಇಷ್ಟು ಸಂತೋಷ ಶಾಲೆಯಲ್ಲಿ ಎಂದೂ ಆಗಿರಲಿಲ್ಲ.

ಸಿಟ್ಟು ಬರುವ ವಿಷಯ ಒಂದಿದೆ. ಬಟ್ಟೆ ತಿನ್ನುವ ನುಸಿಯ ಮರಿಹುಳಕ್ಕೆ ಬೇಕಾದದ್ದು ಉಣ್ಣೆ, ರೇಷ್ಮೆ. ಒಗೆದು ಇಟ್ಟ ಹತ್ತಿ ಅದರ ಆಹಾರವೇ ಅಲ್ಲ. ಆ ಒಂದು ಗೇಣು ಸೆರಗಿಗಾಗಿ ಇಡೀ ಟ್ರಂಕಿಗೆ ಗುಳಿಗೆ ಸುರಿದಿದ್ದೆವು. ಯುರೋಪಿಯನ್ ಒಕ್ಕೂಟದಲ್ಲಿ 2008ರಿಂದ ನ್ಯಾಫ್ಥಲೀನ್ ಗುಳಿಗೆ ಮಾರುವಂತೆಯೇ ಇಲ್ಲ.

ಟ್ರಂಕಿನಲ್ಲಿ ಇನ್ನೊಂದು ಸಣ್ಣ ಕೌದಿ ಇದೆ, ಕೂಸಿನದು. ತಂಗಿ ಬಾಣಂತನಕ್ಕೆ ಬಂದಾಗ ಬೇಕು ಅಂತ ಅವ್ವನ ಆಸೆ. ಅದನ್ನು ಡಬ್ಬಿ ಪರೀಕ್ಷೆಯಲ್ಲಿ ಸೊನ್ನೆ ಬರುವವರೆಗೆ ಕೊಡುವುದಿಲ್ಲ ಅಂತ ಹೇಳಿದ್ದೇನೆ. ಜಿ6ಪಿಡಿ ಅಂತ, ರಕ್ತದ ಕೆಂಪು ಕಣಗಳನ್ನು ಕಾಯುವ ಒಂದು ಕಿಣ್ವ. ಹುಟ್ಟಿನಿಂದಲೇ ಅದರ ಕೊರತೆ ಇರುವ ಕೂಸುಗಳಿಗೆ ಈ ಗುಳಿಗೆ ಹಾಕಿಟ್ಟ ಬಟ್ಟೆಯಿಂದಲೇ ರಕ್ತದ ಕೆಂಪು ಕಣ ಒಡೆದು ಕಾಮಾಲೆ ಏರಬಹುದು. ಕೊರತೆ ಇದೆಯೋ ಇಲ್ಲವೋ ಕೂಸಿನ ಮುಖ ನೋಡಿದರೆ ತಿಳಿಯುವುದಿಲ್ಲ. ಅವ್ವ ಒಪ್ಪಿದಳು. ಟ್ರಂಕೂ ಈಗ ಬಾಯಿ ತೆರೆದುಕೊಂಡು ಮಾಳಿಗೆ ಮೇಲಿದೆ.

ರಾತ್ರಿ ದೊಡ್ಡ ಕೌದಿ ಹೊದ್ದು ಮಲಗಿದೆ. ಸೆಕೆಗೆ ಬೆವರಿ ನಾಲ್ಕೂವರೆಗೆ ಎಚ್ಚರವಾಯಿತು. ಗಂಟಲು ಸರಿ ಇತ್ತು, ತಲೆಯೂ. ಬೆಳಿಗ್ಗೆ ಮಡಚುವಾಗ ವೈನಿ ಬಂದು ಒಂದು ಅಂಚು ಎತ್ತಿ ಮೂಸಿ ನೋಡಿದರು.

"ಏನೂ ವಾಸ್ನೀನ ಇಲ್ಲಲ್ಲೋ ತಮ್ಮಾ, ಒಗದೀಯೋ ಇಲ್ಲೋ?"